ಕೆಂಪು ಗುರುತಿಗೆ ಜಾಗವಿಲ್ಲ

ಕೆಲಸಕ್ಕೆ ಸೇರಿದ ಮೊದಲ ದಿನ ಗುರುದತ್ ದಪ್ಪ ರಬ್ಬರ್ ಬೂಟು ಹಾಕಿಕೊಂಡು ಆಫೀಸಿಗೆ ಹೋದ. ವಿದ್ಯುತ್ ಕಂಪನಿಗಳ ಸಾಫ್ಟ್‌ವೇರ್ ಅಂದಮೇಲೆ ಎಲ್ಲೋ ಒಂದು ಕಡೆ ವೈರು ಮುಟ್ಟಲೇಬೇಕಾಗುತ್ತದೆ ಅನ್ನುವುದು ಅವನ ತರ್ಕ. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸಿನಲ್ಲಿ ಬೂಟು ಮಾರಿದ ತಮಿಳು ಅಂಗಡಿಯವನು "ಎಸ್ಟೇಟ್ ಕೆಲಸವಾ ತಂಬಿ?" ಅಂತ ಕೇಳಿದಾಗಲೂ ಈ ಎಂಜಿನಿಯರ್ ಸಾಹೇಬನಿಗೆ ಅನುಮಾನ ಬರಲಿಲ್ಲ. ಕೊನೆಗೆ ಅವನ ಕೈಗೆ ಬಂದದ್ದು ಒಂದು ಲ್ಯಾಪ್‌ಟಾಪು, ಒಂದು ತಿರುಗುವ ಕುರ್ಚಿ, ಮೈ ಕೊರೆಯುವ ಎ.ಸಿ. ಮೈಯೆಲ್ಲ ನಡುಗುತ್ತಿದ್ದರೂ ಕಾಲು ಮಾತ್ರ ಬೆವರುತ್ತ ಇಡೀ ದಿನ ಕೂತ. ಆಫೀಸಿಗೆ ಆಫೀಸೇ ನಕ್ಕಿತು. ನಗದೇ ಇದ್ದವರು ವಾಸಂತಿ ಮೇಡಂ ಒಬ್ಬರೇ. ಬೂಟನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಹೆದರಿಕೆ ಇದೆಯಲ್ಲ, ಒಳ್ಳೇದು. ಕಳ್ಕೋಬೇಡ ಕಣೋ," ಅಂದರು.

ಕಳೆದುಕೊಳ್ಳಲು ಅವನಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಪರದೆಯ ಮೇಲಿನ ಕರೆಂಟು ಯಾರಿಗೂ ಹೊಡೆಯುವುದಿಲ್ಲವಲ್ಲ.

ವಾಸಂತಿಯವರು ಮಾತ್ರ ಎಲ್ಲಕ್ಕೂ ಹೆದರುತ್ತಿದ್ದರು. ಮೈಸೂರಿನಿಂದ ಕೌಲಾಲಂಪುರಕ್ಕೆ ಬಂದು ವರ್ಷಗಳೇ ಆಗಿದ್ದರೂ ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುವರು. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಟೀ ಕುಡಿಯಲು ಕೂತರೆ ತಲೆಯ ಮೇಲೆ ಫ್ಯಾನಿಲ್ಲದ ಮೇಜೇ ಆಗಬೇಕು. ಮನೆಯಿಂದ ಹೊರಟವರು ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಮಗಳು ವಿಸ್ಮಯಾಗೆ ಫೋನ್ ಮಾಡುವರು, ಅವಳು "ರಿಲ್ಯಾಕ್ಸ್ ಲಾ, ಅಮ್ಮಾ!" ಅಂತ ಆ ಊರಿನ ಧಾಟಿಯಲ್ಲಿ ಕಿರುಚುವುದು ಪಕ್ಕದ ಕುರ್ಚಿಗೂ ಕೇಳುತ್ತಿತ್ತು. ಹಿಂದೇನೋ ದೊಡ್ಡ ಅನಾಹುತ ಕಂಡಿರಬೇಕು ಅಂದುಕೊಂಡು ಗುರುದತ್ ಒಮ್ಮೆ ಕೇಳಿಯೇಬಿಟ್ಟ.

"ಏನಾಗಿತ್ತು ಮೇಡಂ?"

"ಏನೂ ಆಗಿಲ್ಲ. ಆಗದೇ ಇರ್ಲಿ ಅಂತ ತಾನೇ ಹೆದರೋದು? ಆದ್ಮೇಲೆ ಹೆದರಿ ಏನು ಮಾಡ್ತೀಯ?"

ಅವರಿಬ್ಬರ ಕೆಲಸವನ್ನು ಅಡುಗೆಮನೆಯ ಮಾತಿನಲ್ಲಿ ಹೇಳಿದರೆ ಸುಲಭ. ಒಂದೇ ಮನೆಯಲ್ಲಿ ಇಬ್ಬರು ಓರಗಿತ್ತಿಯರು. ಇಬ್ಬರ ಹತ್ತಿರವೂ ಅದೇ ಬೇಳೆ, ಅದೇ ಸಾಸಿವೆ. ಡಬ್ಬಗಳನ್ನು ಜೋಡಿಸಿರುವ ರೀತಿ ಮಾತ್ರ ಬೇರೆ. ತಂತಿಗಳಿಗೆ ಕರೆಂಟು ಕೊಡುವ, ತೆಗೆಯುವ ಕಂಟ್ರೋಲ್ ರೂಮಿನ ಸಾಫ್ಟ್‌ವೇರು ಮಾಹಿತಿ ಜೋಡಿಸಲು ಒಂದು ಮಾನದಂಡ ಹಿಡಿದಿತ್ತು. ಕಂಬ ಹತ್ತುವ ಲೈನ್‌ಮನ್ನುಗಳಿಗೆ ಕೆಲಸ ಹಂಚುವ ಸಾಫ್ಟ್‌ವೇರು ಇನ್ನೊಂದನ್ನು. ಎರಡೂ ಒಂದಕ್ಕೊಂದು ಮಾತಾಡಬೇಕು. ಇವಳ ಡಬ್ಬದ ಬೇಳೆ ಅವಳ ಡಬ್ಬಕ್ಕೆ ಸರಿಯಾಗಿ ಹೋಗಿ ಬೀಳುವಂತೆ ನಡುವೆ ನಿಂತು ಸುರಿಯುವ ಪ್ರೋಗ್ರಾಂ ಬರೆಯುವುದು ಗುರುದತ್ತನ ಕೆಲಸ. ಬಿದ್ದಿತೋ ಇಲ್ಲವೋ ನೋಡುವುದು ವಾಸಂತಿಯವರದು.

ಎಲ್ಲವೂ ಹೇಗೋ ಹೊಂದಿಕೊಂಡಿತು, ಒಂದನ್ನು ಬಿಟ್ಟು. ಲೈನ್‌ಮನ್ನುಗಳ ಕಡೆ ಒಂದು ಕೆಂಪು ಗುರುತಿತ್ತು: ಜನ ಕಂಬದ ಮೇಲಿದ್ದಾರೆ, ಕರೆಂಟು ಕೊಡಬೇಡಿ. ಅವರು ಆ ಗುರುತನ್ನು ಕೆಲಸಕ್ಕೆ ಅಂಟಿಸುತ್ತಿದ್ದರು. ಕಂಟ್ರೋಲ್ ರೂಮಿನವರ ಮಾನದಂಡದಲ್ಲಿ ಕೆಲಸಕ್ಕೆ ಗುರುತು ಅಂಟಿಸಲು ಡಬ್ಬವೇ ಇಲ್ಲ, ಅವರು ಅಂಟಿಸುವುದೇನಿದ್ದರೂ ತಂತಿಗೆ. ನೀವು ಬದಲಾಯಿಸಿಕೊಳ್ಳಿ ಅಂತ ಇವರು, ನೀವೇ ಬದಲಾಯಿಸಿಕೊಳ್ಳಿ ಅಂತ ಅವರು. ಮೀಟಿಂಗಿನ ಮೇಲೆ ಮೀಟಿಂಗು ನಡೆದು ಕೊನೆಗೆ ಎಲ್ಲರೂ ಒಂದು ವಿಷಯಕ್ಕೆ ಒಪ್ಪಿದರು: ಸದ್ಯಕ್ಕೆ ಬಿಟ್ಟುಬಿಡೋಣ, ಮುಂದಿನ ಹಂತದಲ್ಲಿ ನೋಡಿಕೊಳ್ಳೋಣ. ಕೆಲಸ ಮುಗಿಯುವ ಅಂದಾಜು ಸಮಯ ಹೇಗೂ ಕಂಟ್ರೋಲ್ ರೂಮಿಗೆ ಹೋಗುತ್ತದಲ್ಲ, ಅದು ಮುಗಿದಾಗ ತಂತಿ ಪರದೆಯಲ್ಲಿ ಹಸಿರಾಗುತ್ತದೆ, ಅಷ್ಟು ಸಾಕು.

"ಅಂದಾಜು ಮೀರಿದ್ರೆ?" ಅಂದರು ವಾಸಂತಿ.

"ವಾಸಂತಿಯವರೇ, ನೀವು ಲಿಫ್ಟಿಗೂ ಹೆದರ್ತೀರಿ," ಅಂದರು ಮ್ಯಾನೇಜರ್ ಗೋಪಿನಾಥ. ಎಲ್ಲರೂ ನಕ್ಕರು. ಗುರುದತ್ತನೂ ನಕ್ಕ, ಒಂದು ಕೈ ಜೋರಾಗಿಯೇ.

ವಾಸಂತಿ ವಾದ ಮಾಡಲಿಲ್ಲ. ಕ್ಲಾಂಗ್ ಬಂದರಿನ ಗೋದಾಮುಗಳ ಕಡೆ ಕೆಲಸ ಮಾಡುವ ತಂಡದ ಮೇಸ್ತ್ರಿ ರಾಧಾಕೃಷ್ಣನಿಗೆ ಫೋನ್ ಮಾಡಿ, ಮೈಸೂರಿನಲ್ಲಿ ಕಲಿತ ಮುರುಕು ತಮಿಳಿನಲ್ಲಿ ಒಂದು ಮಾತು ಕೇಳಿಕೊಂಡರು: ಈ ಹೊಸ ವ್ಯವಸ್ಥೆಯ ಪರೀಕ್ಷೆ ನಡೆಯುವ ದಿನ ಕಂಬ ಹತ್ತುವಾಗ ನನಗೊಂದು ಫೋನ್ ಮಾಡಪ್ಪ, ಇಳಿದ ಮೇಲೆ ಇನ್ನೊಂದು. ಆಫೀಸಿನಲ್ಲಿ ಇದಕ್ಕೆ 'ವಾಸಂತಿ ವ್ರತ' ಅಂತ ಹೆಸರು ಬಿತ್ತು. ಹೆಸರಿಟ್ಟವನು ಯಾರು ಅಂತ ಬೇರೆ ಹೇಳಬೇಕಿಲ್ಲ; ಬೂಟು ನೆನಪಿಸಿಕೊಂಡರೆ ಸಾಕು.

ಪರೀಕ್ಷೆಯ ಶನಿವಾರ ಗುರುದತ್ ಮತ್ತು ವಾಸಂತಿ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಹಾಫಿಜನ ಹಿಂದೆ ನಿಂತಿದ್ದರು. ಹಳೆಯ ವ್ಯವಸ್ಥೆಯ ಪರದೆ ಇದ್ದರೆ ಹೊಸದನ್ನು ಯಾರೂ ನೋಡುವುದಿಲ್ಲ ಅಂತ ಅದನ್ನು ಬೇಕೆಂದೇ ಬಂದ್ ಮಾಡಿದ್ದರು. ಬೆಳಿಗ್ಗೆಯೇ ರಾಧಾಕೃಷ್ಣನ ಫೋನ್ ಬಂದಿತ್ತು: "ಅಕ್ಕಾ, ಹತ್ತುತಾ ಇದೀವಿ."

ಎಲ್ಲ ಸರಾಗವಾಗಿ ನಡೆಯಿತು. ಗುರುದತ್ ಮನಸ್ಸಿನಲ್ಲೇ ಸಂಬಳ ಏರಿಸಿಕೊಂಡ. ಅಷ್ಟರಲ್ಲಿ ಅಂದಾಜು ಸಮಯ ಮುಗಿದು, ಕ್ಲಾಂಗಿನ ಆ ತಂತಿ ಪರದೆಯ ಮೇಲೆ ಹಸಿರಾಯಿತು.

ಹಾಫಿಜನ ಫೋನ್ ಆಗಲೇ ಬಡಿದುಕೊಳ್ಳುತ್ತಿತ್ತು. ಯಾವುದೋ ಶೀತಲಗೃಹದವನು, ಸೀಗಡಿ ಕೆಡುತ್ತಿದೆ, ಕರೆಂಟು ಕೊಡಿ ಅಂತ ಗಲಾಟೆ. "ಓಕೆ ಲಾ, ಓಕೆ, ಈಗ ಕೊಡ್ತೀನಿ," ಅನ್ನುತ್ತ ಹಾಫಿಜ್ ಮೌಸಿನ ಕಡೆ ಕೈ ಚಾಚಿದ.

"ಬೇಡ!" ಅಂದರು ವಾಸಂತಿ.

"ಯಾಕೆ? ಹಸಿರಿದೆಯಲ್ಲ?"

"ಅವನು ಇಳಿದೆ ಅಂತ ಫೋನ್ ಮಾಡಿಲ್ಲ."

"ಮರೆತಿರ್ತಾನೆ ಲಾ ಅಕ್ಕ. ಪರದೆ ನೋಡಿ. ಯಾರೂ ಇಲ್ಲ."

ವಾಸಂತಿ ರಾಧಾಕೃಷ್ಣನಿಗೆ ಫೋನ್ ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಎತ್ತಲಿಲ್ಲ. ಅತ್ತ ಸೀಗಡಿಯವನು ಬೈಯುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಗುರುದತ್ ಅವರ ಕಿವಿಯ ಹತ್ತಿರ ಬಾಗಿ, "ಮೇಡಂ, ಮರ್ಯಾದೆ ಹೋಗ್ತಿದೆ. ಇಳಿದು ಊಟಕ್ಕೆ ಹೋಗಿರ್ತಾರೆ, ಬಿಡಿ," ಅಂದ. ಅವರು ತಿರುಗಿ ನೋಡಿದರು. ಫೋನನ್ನು ಮೇಜಿನ ಮೇಲಿಟ್ಟು, ಹೋಗಿ ಹಾಫಿಜನ ಮೌಸನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವುಚಿಕೊಂಡು ನಿಂತುಬಿಟ್ಟರು. ಅದರ ವೈರು ಮೇಜಿನಿಂದ ಅವರವರೆಗೆ ಬಿಗಿದು ಅಲುಗುತ್ತಿತ್ತು.

ಗುರುದತ್ತನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ, ಯಾರೂ ಎತ್ತದೆ ಹೋದ ಆ ಎರಡು ಕರೆಗಳನ್ನು ನೆನೆಯುತ್ತ ನೆನೆಯುತ್ತ, ವಿಷಯ ಹೊಳೆಯತೊಡಗಿತು. ಹಸಿರು ಅಂದರೆ ಯಾರೂ ಇಲ್ಲ ಅಂತಲ್ಲ. ಇದ್ದಾರೆಂದು ಹೇಳಲು ಜಾಗವಿಲ್ಲ ಅಂತ ಅಷ್ಟೇ. ಜಾಗವಿಲ್ಲದ್ದನ್ನು ಸುರಿಯದೆ ಚೆಲ್ಲುವ ಪ್ರೋಗ್ರಾಮಿನ ಸಾಲನ್ನು ಟೈಪ್ ಮಾಡಿದ ಬೆರಳುಗಳು ಅವನವೇ. ಟೀ ಕುಡಿಯುತ್ತ ಮಾಡಿದ್ದ.

ವಾಸಂತಿಯವರ ಫೋನ್ ಹೊಡೆದುಕೊಂಡಿತು. ಅವರ ಕೈಗೆ ಬಿಡುವಿರಲಿಲ್ಲ, ಮೇಜಿನ ಮೇಲಿಂದ ಗುರುದತ್ತನೇ ಎತ್ತಿ ಸ್ಪೀಕರಿಗೆ ಹಾಕಿದ.

"ಅಕ್ಕಾ, ಸಾರಿ ಅಕ್ಕಾ," ರಾಧಾಕೃಷ್ಣ ಏದುಸಿರು ಬಿಡುತ್ತಿದ್ದ. "ಫೋನು ಜೇಬಲ್ಲಿತ್ತು, ಎರಡೂ ಕೈಲಿ ತಂತಿ ಹಿಡ್ಕೊಂಡಿದ್ದೆ. ಒಂದು ಬೋಲ್ಟು ತುಕ್ಕು ಹಿಡಿದು ಕೂತುಬಿಟ್ಟಿದೆ. ಇನ್ನೂ ಮೇಲೇ ಇದೀವಿ, ಮೂರು ಜನಾನೂ. ಅರ್ಜೆಂಟಾ?"

ಹಾಫಿಜ್ ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ತಳ್ಳಿಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡ.

"ಅರ್ಜೆಂಟಿಲ್ಲಪ್ಪ. ನಿಧಾನಕ್ಕೆ ಮಾಡು," ಅಂದರು ವಾಸಂತಿ. ಆಮೇಲೂ ಮೌಸನ್ನು ಕೆಳಗಿಡಲಿಲ್ಲ.

ಸೋಮವಾರ ವಿದ್ಯುತ್ ಕಂಪನಿಯ ಹಿರಿಯ ಅಧಿಕಾರಿ, ಎಲ್ಲರೂ ಪುವಾನ್, ಅಂದರೆ ಮೇಡಂ, ಅನ್ನುವ ರೊಹಾನಾ ಅವರ ಮುಂದೆ ಮೀಟಿಂಗು. ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದ್ದರಿಂದ ವಾಸಂತಿ ಲಿಫ್ಟಿನಲ್ಲೇ ಹೋಗಬೇಕಾಯಿತು. ಗೋಪಿನಾಥ ಅದೇ ಸಮಯ ನೋಡಿ ಮೆಲ್ಲಗೆ ಅಂದರು: "ಶನಿವಾರದ್ದು ವರದೀಲಿ ಸಣ್ಣ ಅವಲೋಕನ ಅಂತ ಬರ್ಸಿದೀನಿ. ನಿಮ್ಮ ವರ್ಕ್ ಪಾಸ್ ಈ ತಿಂಗಳು ರಿನ್ಯೂ ಆಗ್ಬೇಕಲ್ವಾ? ಕಾಗದ ನನ್ನ ಟೇಬಲ್ ಮೇಲೇ ಇದೆ. ಮಗಳ ಪರೀಕ್ಷೆ ಬೇರೆ ಹತ್ರ ಬಂತು. ಸ್ವಲ್ಪ ನೋಡ್ಕೊಂಡು ಮಾತಾಡಿ."

ವಾಸಂತಿ ಲಿಫ್ಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಕೇಳಿಸಿತೋ ಇಲ್ಲವೋ ಗುರುದತ್ತನಿಗೆ ಗೊತ್ತಾಗಲಿಲ್ಲ. ಅವನಿಗಂತೂ ಕೇಳಿಸಿತು, ಈ ದೇಶದಲ್ಲಿ ಕೆಲಸ ಮಾಡಲು ತನಗಿದ್ದ ಪಾಸಿನ ತಾರೀಖೂ ನೆನಪಾಯಿತು, ಬಾಯಿ ತಾನಾಗಿ ಮುಚ್ಚಿಕೊಂಡಿತು.

ಗೋಪಿನಾಥ ಚೆನ್ನಾಗಿ ಮಾತಾಡಿದರು. ಪರೀಕ್ಷೆ ಯಶಸ್ವಿ, ಎರಡು ಮಾನದಂಡಗಳೂ ಹೊಂದಿಕೊಂಡಿವೆ, ಸಣ್ಣದೊಂದು ಅವಲೋಕನ ಇದೆ. ಪುವಾನ್ ರೊಹಾನಾ ಕೊನೆಯವರೆಗೂ ಕೇಳಿದರು. ಹಾಫಿಜನಿಂದ ಏನೋ ಅವರ ಕಿವಿಗೆ ಬಿದ್ದಿರಬೇಕು. ಕನ್ನಡಕ ತೆಗೆದು, ಗೋಪಿನಾಥರನ್ನು ದಾಟಿ, ಮೇಜಿನ ತುದಿಯಲ್ಲಿದ್ದ ವಾಸಂತಿಯವರನ್ನು ನೋಡಿದರು.

"ನೀವು ಹೇಳಿ. ಶನಿವಾರ ನಿಮ್ಮ ಆ ಫೋನಿನ ಏರ್ಪಾಡು ಇಲ್ಲದಿದ್ದರೆ, ನಿಮ್ಮ ಕಂಪನಿ ಕಟ್ಟಿಕೊಟ್ಟ ಈ ವ್ಯವಸ್ಥೆ ಏನು ಮಾಡುತ್ತಿತ್ತು?"

ಗೋಪಿನಾಥರು ಗಂಟಲು ಸರಿಮಾಡಿಕೊಂಡರು. ವಾಸಂತಿ ನೀರಿನ ಲೋಟ ಎತ್ತಿದರು. ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು.

"ಮೂರು ಜನರನ್ನ ಕೊಲ್ತಿತ್ತು," ಅಂದರು.