ನಾಲ್ಕನೇ ಮೇಜಿನ ಹೃದಯ

ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಅವನನ್ನು ಹಾಲಣ್ಣ ಎಂದು ಕರೆಯುತ್ತಿದ್ದರು. ಹೊಸದಾಗಿ ಸೇರಿದವರು ಯಾರೋ ಹಾಲು ಹಾಕುವವನಿರಬೇಕು ಅಂದುಕೊಂಡು, ಹಾಸ್ಟೆಲಿಗೆ ದಿನಾ ಅರ್ಧ ಲೀಟರ್ ಬೇಕಿತ್ತು ಎಂದು ಕೇಳಿದ್ದೂ ಉಂಟು. ಅವನು ನಗು ತೋರಿಸದೆ, "ನಾಳೆ ಹತ್ತು ಗಂಟೆಗೆ ಹಾಲಿಗೆ ಬನ್ನಿ" ಅನ್ನುತ್ತಿದ್ದ. ಹಾಲ್ ಎಂದರೆ ಡಿಸೆಕ್ಷನ್ ಹಾಲ್, ಹೆಣ ಕೊಯ್ದು ಪಾಠ ಹೇಳುವ ಜಾಗ. ಮರುದಿನ ಅದೇ ವಿದ್ಯಾರ್ಥಿ ಬಾಗಿಲಲ್ಲೇ ಬೆವೆತು ಕುಸಿಯುವಾಗ ಕಂಕುಳಿಗೆ ಕೈ ಕೊಟ್ಟು ಹಿಡಿಯುವವನೂ ಅವನೇ.

ಮೂವತ್ತೊಂದು ವರ್ಷದ ನೌಕರಿ. ದಾನವಾಗಿ ಬಂದ ದೇಹಗಳನ್ನು ಬರಮಾಡಿಕೊಳ್ಳುವುದು, ಕೆಡದಂತೆ ಔಷಧಿ ಏರಿಸುವುದು, ಎಂಟು ಸ್ಟೀಲ್ ಮೇಜುಗಳ ಮೇಲೆ ಸಾಲಾಗಿ ಮಲಗಿಸುವುದು, ಪಾಠ ಮುಗಿದ ಮೇಲೆ ಒದ್ದೆ ಬಟ್ಟೆ ಹೊದಿಸುವುದು ಅವನ ಕೆಲಸ. ಓದಿದ್ದು ಎಂಟನೇ ಕ್ಲಾಸು. ಆದರೆ ಹೃದಯದ ಪಾಠದ ವಾರ ಬಂತೆಂದರೆ ಮೇಷ್ಟ್ರುಗಳಿಗಿಂತ ಮೊದಲು ವಿದ್ಯಾರ್ಥಿಗಳು ಅವನ ಸುತ್ತ ಮುತ್ತಿಕೊಳ್ಳುತ್ತಿದ್ದರು. ಅವನು ಕೈಗವಸು ಏರಿಸಿ, ಮುಷ್ಟಿ ಗಾತ್ರದ ಆ ಕಂದು ಮಾಂಸದ ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು ಶುರುಮಾಡುತ್ತಿದ್ದ.

"ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೈಯೆಲ್ಲಾ ಸುತ್ತಿ ಬಂದ ರಕ್ತ ಬಲಗಡೆಗೆ ಬರುತ್ತೆ, ಅಲ್ಲಿಂದ ಶ್ವಾಸಕೋಶಕ್ಕೆ. ಅಲ್ಲಿ ಗಾಳಿ ಕುಡಿದು ಎಡಗಡೆಗೆ. ಎಡಗಡೆಯಿಂದ ಮತ್ತೆ ಮೈಗೆಲ್ಲಾ. ದೂರ ತಳ್ಳಬೇಕಲ್ಲ, ಅದಕ್ಕೇ ಎಡಗಡೆ ಗೋಡೆ ಮೂರು ಪಟ್ಟು ದಪ್ಪ. ಮುಟ್ಟಿ ನೋಡಿ, ಕಚ್ಚಲ್ಲ."

ಕವಾಟಗಳನ್ನು ಬೆರಳಿನಿಂದ ಬಿಡಿಸಿ, ಅವು ಹಿಂದಕ್ಕೆ ಮಗುಚದಂತೆ ಹಿಡಿದಿರುವ ಬಿಳಿ ದಾರಗಳನ್ನು ತೋರಿಸುವಾಗ ಅವನ ದನಿಯಲ್ಲಿ ತಾನೇ ಕಟ್ಟಿದ ಮನೆ ತೋರಿಸುವವನ ಗತ್ತು ಇರುತ್ತಿತ್ತು.

ಕಾಲೇಜಿನ ಗೇಟಿನ ಎದುರು ಒಬ್ಬ ದರ್ಜಿಯ ಅಂಗಡಿ. ವಿದ್ಯಾರ್ಥಿಗಳ ಬಿಳಿ ಕೋಟು ಹೊಲಿಯುವುದೇ ಅವನ ಬದುಕು. ಮದುವೆಯಾಗಿರಲಿಲ್ಲ, ಬೇರೆ ಊರಲ್ಲಿ ಒಬ್ಬ ಅಕ್ಕ ಇದ್ದಳು. ಸಂಜೆ ಐದೂವರೆಗೆ ದರ್ಜಿ ಷಟರ್ ಎಳೆಯುತ್ತಿದ್ದ, ಹಾಲಣ್ಣ ಸೋಪಿನಲ್ಲಿ ಮೂರು ಸಲ ಕೈ ತೊಳೆದು ಬರುತ್ತಿದ್ದ, ಇಬ್ಬರೂ ಒಟ್ಟಿಗೆ ಬಸ್ ನಿಲ್ದಾಣದ ಕಡೆ ಹೊರಡುತ್ತಿದ್ದರು. ನಿಲ್ದಾಣ ದಿಬ್ಬದ ಮೇಲಿತ್ತು. ಅರವತ್ತೆರಡು ಮೆಟ್ಟಿಲು.

ದೇಹದಾನದ ಅರ್ಜಿಗೆ ದರ್ಜಿ ಸಹಿ ಹಾಕಿದಾಗ ಸಾಕ್ಷಿಯಾಗಿ ಸಹಿ ಹಾಕಿದವನು ಹಾಲಣ್ಣನೇ.

"ನಿನ್ನ ಕೈಗೇ ಬರ್ತೀನಪ್ಪ. ಹೊಲಿಗೆ ಬಿಚ್ಚುವಾಗ ನೀಟಾಗಿ ಬಿಚ್ಚು" ಅಂದಿದ್ದ ದರ್ಜಿ.

"ನಾನು ರಿಟೈರ್ ಆದ ಮೇಲೆ ಬಾ. ಪರಿಚಯದವರಿಗೆ ನಮ್ಮಲ್ಲಿ ರಿಯಾಯಿತಿ ಇಲ್ಲ."

ಆ ವರ್ಷ ಚಳಿಗಾಲದ ಹೊತ್ತಿಗೆ ದರ್ಜಿ ಮೆಟ್ಟಿಲ ನಡುವೆ ನಿಲ್ಲತೊಡಗಿದ. ಎಡ ದವಡೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಒಂದೆರಡು ನಿಮಿಷ.

"ಹಲ್ಲು. ನಿಂತ್ರೆ ಹೋಗುತ್ತೆ" ಅನ್ನುತ್ತಿದ್ದ.

"ಕೀಳಿಸಿ ಬಿಸಾಕು. ಹುಳುಕು ಹಲ್ಲಿಟ್ಟುಕೊಂಡು ಅದಕ್ಕೇನು ಬಾಡಿಗೆ ಬರುತ್ತಾ?" ಅಂದ ಹಾಲಣ್ಣ.

ದರ್ಜಿ ಕೀಳಿಸಿದ. ನೋವು ಹೋಗಲಿಲ್ಲ. ಮೊದಲು ನಲವತ್ತನೇ ಮೆಟ್ಟಿಲಲ್ಲಿ ನಿಲ್ಲುತ್ತಿದ್ದವನು ಈಗ ಇಪ್ಪತ್ತರಲ್ಲೇ ನಿಲ್ಲುತ್ತಿದ್ದ. "ತಪ್ಪು ಹಲ್ಲು ಕಿತ್ತಿದ್ದಾನೆ, ಪಕ್ಕದ್ದನ್ನೂ ಕೀಳಿಸು" ಎಂದು ಹಾಲಣ್ಣ ಹೇಳಿದ್ದು ಒಂದು ಬುಧವಾರ. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಕೋಟಿನ ಅಳತೆ ಕೊಡಲು ಹೋದ ಹುಡುಗಿಯೊಬ್ಬಳು ಓಡಿ ಬಂದು ಕರೆದಳು. ಕೊರಳಲ್ಲಿ ಟೇಪು ಹಾಗೇ ಇತ್ತು. ಅರ್ಧ ಹೊಲಿದ ತೋಳಿನ ಮೇಲೆ ಕೆನ್ನೆಯಿಟ್ಟು, ಮಿಷನ್ನಿನ ಮೇಲೇ ದರ್ಜಿ ಮಲಗಿಬಿಟ್ಟಿದ್ದ.

ಅಕ್ಕ ಬಂದಳು, ಅತ್ತಳು, ತಮ್ಮನ ಮಾತಿನಂತೆ ಕಾಗದಕ್ಕೆ ಸಹಿ ಹಾಕಿದಳು. ಬೇರೆಯವರು ಮಾಡುತ್ತೇವೆಂದರೂ ಬಿಡದೆ ಹಾಲಣ್ಣ ತಾನೇ ಔಷಧಿ ಏರಿಸಿದ. ಕಾಲ್ಬೆರಳಿಗೆ ನಂಬರಿನ ಚೀಟಿ ಕಟ್ಟಿದ. ಎಂಟು ತಿಂಗಳ ಮೇಲೆ, ಹೊಸ ತಂಡ ಬಂದಾಗ, ದರ್ಜಿ ನಾಲ್ಕನೇ ಮೇಜಿಗೆ ಬಂದ.

ಹೃದಯದ ಪಾಠದ ದಿನ, ಪಾಠ ಮಾಡುವ ಮೇಡಂ ನಾಲ್ಕನೇ ಮೇಜಿನದನ್ನೇ ತೆಗೆದುಕೊಡಿ ಅಂದರು. ಹಾಲಣ್ಣ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ದೊಡ್ಡ ನಾಳಗಳನ್ನು ಕತ್ತರಿಸಿ, ಎರಡೂ ಕೈಯಲ್ಲಿ ಎತ್ತಿ, ನಲ್ಲಿಯ ಕೆಳಗೆ ತೊಳೆದು ತಟ್ಟೆಯಲ್ಲಿಟ್ಟ. ಅಂದು ವಿದ್ಯಾರ್ಥಿಗಳಿಗೆ ಕೋಣೆ ತೋರಿಸುವ ಗೋಜಿಗೂ ಹೋಗದೆ ಗೋಡೆಗೆ ಒರಗಿ ನಿಂತ.

"ಇಡೀ ಮೈಗೆ ರಕ್ತ ಹಂಚುವ ಹೃದಯ ತನ್ನ ಪಾಲನ್ನು ಈ ಎರಡು ಸಣ್ಣ ನಾಳಗಳಿಂದಲೇ ಪಡೀಬೇಕು" ಎಂದು ಮೇಡಂ ಶುರುಮಾಡಿದರು. "ಅದೂ ಹೆಚ್ಚಾಗಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ವಿರಾಮದಲ್ಲಿ. ಜೋರಾಗಿ ಬಡಿದಷ್ಟೂ ಆ ವಿರಾಮ ಕಮ್ಮಿಯಾಗುತ್ತೆ."

ಅವರು ಹೃದಯದ ಮುಂಭಾಗದ ನಾಳಕ್ಕೆ ಕತ್ತರಿ ಹಾಕಿದರು. ಕರಕ್ ಎಂದಿತು. ಮೊಟ್ಟೆಯ ಚಿಪ್ಪು ತುಳಿದಂಥ ಸದ್ದು. ಒಳಗೆ ಹಳದಿ ಗಸಿ ಗಟ್ಟಿಯಾಗಿ, ಸೂಜಿ ತೂರುವಷ್ಟು ದಾರಿ ಉಳಿದಿತ್ತು.

"ಇವರಿಗೆ ಎದೆ ತುಂಬಾ ನೋಯ್ತಿತ್ತೇನೋ ಅಲ್ವಾ ಮೇಡಂ?" ಒಬ್ಬಳು ಕೇಳಿದಳು.

"ನೋಯಲೇಬೇಕು ಅಂತಿಲ್ಲ. ಕೆಲವರಿಗೆ ತೋಳು, ಕೆಲವರಿಗೆ ಬೆನ್ನು. ಕೆಲವರಿಗೆ ಬರೀ ದವಡೆ. ಮೆಟ್ಟಿಲು ಹತ್ತುವಾಗ ಬರುತ್ತೆ, ನಿಂತ್ರೆ ಹೋಗುತ್ತೆ. ಎಷ್ಟೋ ಜನ ಹಲ್ಲಿನ ಡಾಕ್ಟರ ಹತ್ತಿರ ಹೋಗ್ತಾರೆ."

ಹಾಲಣ್ಣನಿಗೆ ಕಿವಿಯೊಳಗೆ ಗುಂಯ್ ಎಂದಿತು. ಮೂವತ್ತೊಂದು ವರ್ಷ ಯಾರನ್ನೆಲ್ಲ ಹಿಡಿದು ನಿಲ್ಲಿಸಿದ್ದನೋ, ಅಂದು ಅವನನ್ನು ಹಿಡಿಯಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಮೇಡಂಗೆ ಹೇಳಿದ. ಮೆಟ್ಟಿಲು, ದವಡೆ, ಹಲ್ಲು, ಎಲ್ಲಾ. ಅವರು ಕೈ ಒರೆಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಇಷ್ಟು ಹೃದಯ ಹಿಡಿದಿದ್ದೀನಿ ಮೇಡಂ. ನನಗೆ ಗೊತ್ತಾಗಬೇಕಿತ್ತು."

"ಇಲ್ಲಿಗೆ ಬರೋ ಹೊತ್ತಿಗೆ ಅವು ಬಾಯಿ ಬಿಡೋದಿಲ್ಲವಲ್ಲ ಅಣ್ಣ" ಅಂದರು ಅವರು. ಸಮಾಧಾನದ ಮಾತೇ. ಅವನಿಗೆ ಆಗಲಿಲ್ಲ.

ಅಂದಿನಿಂದ ಅವನಿಗೆ ಊರೆಲ್ಲಾ ದವಡೆಗಳೇ ಕಾಣತೊಡಗಿದವು. ಮೆಟ್ಟಿಲ ಮೇಲೆ ಚೀಲ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಮುದುಕನೊಬ್ಬನನ್ನು ತಡೆದು, "ದವಡೆ ನೋಯ್ತಿದೆಯಾ?" ಎಂದು ಕೇಳಿದ. "ನನ್ನ ದವಡೆ ಕಟ್ಟಿಕೊಂಡು ನಿನಗೇನಾಗಬೇಕು?" ಎಂದು ಮುದುಕ ಗದರಿದ. ಮನೆಯಲ್ಲಿ ಹೆಂಡತಿಯನ್ನೂ ಬಿಡಲಿಲ್ಲ.

"ನನ್ನ ಬಾಯಿ ಜೋರು ಅಂತ ನೀವೇ ಹೇಳ್ತಿರ್ತೀರಲ್ಲ. ದವಡೆ ಚೆನ್ನಾಗೇ ಇದೆ ಅಂತ ಅರ್ಥ" ಅಂದಳು ಅವಳು.

ಅವಳು ಶಾಲೆಯೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವ ಆಯಾ. ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು. ಶಾಲೆಯಿಂದ ಬಂದವಳೇ ಬೆನ್ನು ಹಿಡಿದಿದೆ ಎಂದು ಬೋರಲು ಮಲಗುತ್ತಿದ್ದಳು. ಹೊಟ್ಟೆಯಲ್ಲಿ ಗ್ಯಾಸು, ಸುಸ್ತು, ಎರಡು ಮಾತಿಗೊಮ್ಮೆ ಏದುಸಿರು. ಹಾಲಣ್ಣ ಪಕ್ಕದಲ್ಲಿ ಕೂತು ಹೆಗಲ ಮೂಳೆಗಳ ನಡುವೆ ಮುಲಾಮು ತಿಕ್ಕುತ್ತಿದ್ದ. ಎರಡು ತಿಂಗಳಲ್ಲಿ ಮೂರು ಡಬ್ಬಿ ಖಾಲಿಯಾಗಿದ್ದವು. ತಿಕ್ಕುತ್ತಲೇ ಅವನು ಬಸ್ಸಿನಲ್ಲಿ ಕಂಡ ಯಾರದೋ ದವಡೆಯ ಬಗ್ಗೆ ಹೇಳುತ್ತಿದ್ದ.

ಒಂದು ಭಾನುವಾರ ಬೆಳಗ್ಗೆ ಅವಳು ನಲ್ಲಿಯಿಂದ ಬಕೆಟ್ ಹೊತ್ತು ಬರುತ್ತಿದ್ದವಳು ನಡುದಾರಿಯಲ್ಲಿ ಇಳಿಸಿದಳು. ನೀರು ಚೆಲ್ಲಿತು. ಅಂಗಳದ ಕಟ್ಟೆಯ ಮೇಲೆ ಕೂತಳು. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಅವನು ಹತ್ತಿರ ಹೋಗುವಷ್ಟರಲ್ಲಿ ಎದ್ದು ಬಕೆಟ್ಟಿಗೆ ಕೈ ಹಾಕಿದಳು.

"ಏನಾಯ್ತು?"

"ಅದೇ ಬೆನ್ನು. ಭಾರ ಹೊತ್ರೆ ಬರುತ್ತೆ, ನಿಂತ್ರೆ ಹೋಗುತ್ತೆ."

ಅವನು ಬಕೆಟ್ ಕಿತ್ತುಕೊಂಡು ಬಚ್ಚಲಿಗೆ ಸುರಿದ. ಅವಳು ಬೈಯುತ್ತಿದ್ದಂತೆಯೇ ಚಪ್ಪಲಿ ತಂದು ಅವಳ ಕಾಲ ಹತ್ತಿರ ಇಟ್ಟ. ಆಟೋದಲ್ಲಿ ದಾರಿಯುದ್ದಕ್ಕೂ ಅವಳು ಇದೆಂಥ ಹುಚ್ಚು ಎನ್ನುತ್ತಲೇ ಇದ್ದಳು. ಅವನು ತನ್ನ ಕೈಗಳನ್ನೇ ನೋಡುತ್ತಾ ಕೂತಿದ್ದ. ಉಗುರಿನ ಸಂದಿಯಲ್ಲಿ ಮುಲಾಮಿನ ವಾಸನೆ ಇನ್ನೂ ಇತ್ತು.

ಆಸ್ಪತ್ರೆಯಲ್ಲಿ ಎದೆಯ ಗ್ರಾಫ್ ತೆಗೆದರು. ಆಮೇಲೆ ಕತ್ತಲೆ ಕೋಣೆಯೊಂದರಲ್ಲಿ ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಯ ಮೇಲೆ ಅಂಟು ಸವರಿ ಎಕೋ ಮಾಡಿದರು. ಹಾಲಣ್ಣ ಬಾಗಿಲ ಬಳಿ ನಿಂತು ಪರದೆ ನೋಡಿದ. ನಾಲ್ಕು ಕೋಣೆ. ಅವನ ಕಣ್ಣಿಗೆ ತಕ್ಷಣ ಸಿಕ್ಕವು. ಆದರೆ ಅವು ಅಲುಗಾಡುತ್ತಿದ್ದವು. ಅವನು ಬೆರಳು ಹಾಕಿ ಬಿಡಿಸಿ ತೋರಿಸುತ್ತಿದ್ದ ಕವಾಟ ತಾನಾಗಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಆತುರದಿಂದ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ. ನೂರಾರು ಹೃದಯ ಹಿಡಿದವನು ನಡೆಯುವ ಹೃದಯವನ್ನು ನೋಡಿದ್ದು ಅದೇ ಮೊದಲು.

"ಇದಕ್ಕೆ ಒಂದು ನಿಮಿಷವೂ ಬಿಡುವಿಲ್ವಾ?" ಎಂದು ಕೇಳಿದ.

ಎಕೋ ಮಾಡುತ್ತಿದ್ದಾಕೆ ನಕ್ಕಳು. "ದಿನಕ್ಕೆ ಲಕ್ಷ ಸಲ. ರಜೆ ಕೇಳಿದ್ರೆ ಕಷ್ಟ." ಆಮೇಲೆ ನಗು ನಿಲ್ಲಿಸಿ, ಪರದೆಯ ಒಂದು ಮೂಲೆಗೆ ಬಾಗಿದಳು. ಕೆಳಗಿನ ಗೋಡೆಯ ಒಂದು ತುಂಡು ಉಳಿದದ್ದರ ಜೊತೆ ಒಳಕ್ಕೆ ಸರಿಯುತ್ತಿರಲಿಲ್ಲ. ಹಾಲಣ್ಣನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಲಗಡೆಯ ನಾಳ ಮುಕ್ಕಾಲು ಕಟ್ಟಿತ್ತು. ಎರಡನೇ ದಿನ ಕೈಯ ನಾಳದಿಂದ ತಂತಿ ತೂರಿಸಿ ಸ್ಟೆಂಟ್ ಕೂರಿಸಿದರು. "ಸರಿಯಾದ ಹೊತ್ತಿಗೆ ತಂದಿರಿ" ಎಂದು ಡಾಕ್ಟರು ಅವನ ಭುಜ ತಟ್ಟಿದರು. ಎಡಗಡೆಯ ನಾಳದಲ್ಲೂ ಸ್ವಲ್ಪ ಇದೆ, ಸದ್ಯಕ್ಕೆ ಮಾತ್ರೆ ಸಾಕು, ಆರು ತಿಂಗಳಿಗೆ ಮತ್ತೆ ನೋಡೋಣ ಎಂದೂ ಹೇಳಿದರು. ಹೆಂಡತಿಗೆ ಮೊದಲ ಮಾತು ಮಾತ್ರ ಕೇಳಿಸಿತ್ತು. ಅವನಿಗೆ ಎರಡನೆಯದು ಮಾತ್ರ.

ಅವಳು ಮನೆಗೆ ಬಂದಳು, ಬಣ್ಣ ಬಂತು, ಬಾಯಿಯೂ ಮೊದಲಿನಂತಾಯಿತು. ಶಾಲೆಗೆ ಮತ್ತೆ ಹೋಗತೊಡಗಿದಳು. ಅವನು ಮಾತ್ರ ಯಾವ ನೆಪದಲ್ಲಾದರೂ ಅವಳ ಮಣಿಕಟ್ಟು ಹಿಡಿದು ಎಣಿಸುತ್ತಿದ್ದ. "ಕೈ ಬಿಡಿ, ನಾನೇನು ನಿಮ್ಮ ಮೇಜಿನ ಮೇಲೆ ಮಲಗಿದ್ದೀನಾ?" ಎಂದು ಅವಳು ಒಮ್ಮೆ ಕೊಡವಿಕೊಂಡಾಗ ಅವನ ಮುಖ ಬಿಳುಚಿತು. ಅದಾದ ಮೇಲೆ ಅವಳು ಆ ಮಾತು ಆಡಲಿಲ್ಲ, ಕೈಯನ್ನೂ ಎಳೆದುಕೊಳ್ಳಲಿಲ್ಲ.

ಐದನೇ ತಿಂಗಳು. ಒಂದು ಮಧ್ಯಾಹ್ನ ಅವಳು ಎರಡು ಬಟ್ಟೆ ಹಿಂಡಿ ಹರವಿದವಳು ಮೂರನೆಯದನ್ನು ತಂತಿಗೆ ಹಾಕದೆ ಹೊಸ್ತಿಲ ಮೇಲೆ ಕೂತಳು.

"ಬಿಸಿಲು" ಅಂದಳು, ಅವನು ಕೇಳುವ ಮೊದಲೇ.

ಆಕಾಶದಲ್ಲಿ ಮೋಡ ಕವಿದಿತ್ತು. ಹಾಲಣ್ಣ ಒಳಗೆ ಹೋಗಿ ಅಂಗಿ ತೊಟ್ಟ, ಆಸ್ಪತ್ರೆಯ ಕಡತ ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದ.

"ಇನ್ನೂ ಒಂದು ತಿಂಗಳಿದೆಯಲ್ಲ" ಅಂದಳು ಅವಳು. ಬೈಯಲಿಲ್ಲ. ಅವನಿಗೆ ಹೆಚ್ಚು ಭಯವಾದದ್ದು ಅದಕ್ಕೇ.

"ಏಳು" ಅಂದ. ಅವಳು ಅವನ ಕಡೆಗೆ ಕೈ ಚಾಚಿದಳು.