ವಾರೆ ಸರಿದ ಕನ್ನಡಿ

ಇವತ್ತು ಬೆಳಿಗ್ಗೆ ಹುಕ್ಕೇರಿಯ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ವಿದ್ಯಾರ್ಥಿನಿಯೊಬ್ಬಳು ತಾನು ಅಳೆದ ಅಂಕಿಯನ್ನು ತಿಕ್ಕಿ ಅಳಿಸಿ, ಪುಸ್ತಕದ ಅಂಕಿ ಬರೆಯುತ್ತಿದ್ದಳು. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಬಂದರೆ ಮೊದಲು ಕನ್ನಡಕ ಜಾರುತ್ತದೆ, ಆಮೇಲೆ ಮಾತು ತೊದಲುತ್ತದೆ. ಬೈಯಲು ಹೋದವನಿಗೆ ಶಮೀಮ ನೆನಪಾದಳು.

ನಾನು ಗೋಕಾಕದಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದಾಗ ಶಮೀಮ ಕೊಣ್ಣೂರಿನಿಂದ ಬರುತ್ತಿದ್ದ ಬಿ.ಎಸ್ಸಿ. ಹುಡುಗಿ. ಕೊನೆಯ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಬೆಳಕಿನ ವ್ಯತಿಕರಣದ ಪ್ರಯೋಗ. ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಎರಡು ಕನ್ನಡಿಗಳಿಂದ ಮರಳಿಸಿ ಕೂಡಿಸಿದರೆ ಪರದೆಯ ಮೇಲೆ ಉಂಗುರಗಳು ಮೂಡುತ್ತವೆ. ಒಂದು ಕನ್ನಡಿಯನ್ನು ಸರಿಸುತ್ತ ಉಂಗುರ ಎಣಿಸಿದರೆ ಬೆಳಕಿನ ಅಲೆಯುದ್ದ ಸಿಗುತ್ತದೆ. ಆದರೆ ಕನ್ನಡಿ ಕಿರಣದ ನೇರಕ್ಕೇ ಸರಿಯಬೇಕು. ನಮ್ಮ ಉಪಕರಣ ಯಾವಾಗಲೋ ಕೆಳಗೆ ಬಿದ್ದು ಸೊಟ್ಟಗಾಗಿತ್ತು. ಹೊಸದು ಕೇಳಿದರೆ, ಕಾಲೇಜಿನವರಿಂದ "ನಡೀತೈತಲ್ರಿ" ಎಂಬ ಉತ್ತರ. ನಡೆಯುತ್ತಿತ್ತು, ವಾರೆಯಾಗಿ! ಅಳತೆ ಯಾವತ್ತೂ ಹೆಚ್ಚೇ ಬರುತ್ತಿತ್ತು. ಹುಡುಗರು ಪುಸ್ತಕದ್ದು ಬರೆದು ಪಾರಾಗುತ್ತಿದ್ದರು.

ಶಮೀಮ ಬಂದದ್ದನ್ನೇ ಬರೆದಳು. ಹೊರಗಿನಿಂದ ಬಂದ ಪರೀಕ್ಷಕರು ತಪ್ಪೆಂದರು.

"ಕನ್ನಡಿ ವಾರೆ ಹೊಂಟೈತ್ರಿ ಸರ. ಉಂಗುರ ಬಾಜೂಕ ಸರೀತಾವ. ಒಮ್ಮೆ ನೋಡ್ರಿ."

"ನನಗ ಕಲಸಾಕ ಬಂದಿಯೇನು?"

ನಾನೂ ನೋಡಿರೆಂದೆ. ಅವರು ಕುರ್ಚಿಯಿಂದ ಕತ್ತು ಹೊರಳಿಸಿದ್ದರೆ ಸಾಕಿತ್ತು, ಹೊರಳಿಸಲಿಲ್ಲ. ನಾನು ಜೋರು ಮಾಡಿ ಟೇಬಲ್ ಗುದ್ದಿದೆ. ಚಹಾದ ಕಪ್ಪು ಉರುಳಿತು, ನನ್ನದೇ ಪ್ಯಾಂಟಿನ ಮೇಲೆ. ಪರೀಕ್ಷಕರು ಅವಳನ್ನು ನಪಾಸು ಮಾಡಿ ಹೋದರು.

ಎಂ.ಎಸ್ಸಿ. ಸೀಟು ತಪ್ಪಿತು. ಓದಿದ್ದು ಸಾಕು ಎನ್ನುತ್ತಿದ್ದ ಬಂಧುಗಳಿಗೆ ಬಾಯಿ ಬಂತು. ಅವಳ ತಾಯಿ ಮಾತ್ರ ಬಗ್ಗಲಿಲ್ಲ. ಮರುವರ್ಷ ಶಮೀಮ ಮತ್ತೆ ಪರೀಕ್ಷೆಗೆ ಕೂತಳು. ಅದೇ ಉಪಕರಣ, ಅವಳು ಬರೆದದ್ದೂ ಅದೇ ಉತ್ತರ. ಆ ಸಲ ಬಂದ ಪರೀಕ್ಷಕರು ಎದ್ದು ಬಂದು ನೋಡಿ, ಪಾಸು ಮಾಡಿದರು. ಅಷ್ಟೇ ಬೇಕಾಗಿದ್ದದ್ದು!

ಈಗ ಅವಳು ಕಲ್ಲೋಳಿಯಲ್ಲಿ ವಿಜ್ಞಾನ ಶಿಕ್ಷಕಿ. ಮೊನ್ನೆ ಸಿಕ್ಕಾಗ ದೊಡ್ಡ ಮನುಷ್ಯನಂತೆ, "ಹೋಗ್ಲಿ ಬಿಡವಾ, ಎಲ್ಲಾ ಛಲೋ ಆತಲ್ಲ" ಅಂದೆ.

"ಏನ್ ಛಲೋ ಆತ್ರಿ ಸರ? ನನ್ನ ವರ್ಷ ಯಾರ ತಿರುಗಿ ಕೊಟ್ರು?"



ಇವತ್ತಿನ ಹುಡುಗಿಗೆ ಬೈಯಲಿಲ್ಲ. "ಯಾಕವಾ ಅಳಸಿದಿ?" ಎಂದು ಕೇಳಿದೆ.

"ಖರೆ ಬರದ್ರ ಫೇಲ್ ಮಾಡ್ತಾರಂತ್ರಿ ಸರ."

ಸಿಟ್ಟು ಅವಳನ್ನು ಬಿಟ್ಟು ಬೇರೆ ಕಡೆ ತಿರುಗಿತು. ಮೂಡಲಗಿಯ ಕಾಲೇಜಿಗೆ ಪರೀಕ್ಷಕನಾಗಿ ಬರಬೇಕೆಂಬ ಕರೆಯನ್ನು ಪ್ರತಿ ವರ್ಷ ತಳ್ಳಿಹಾಕುತ್ತಿದ್ದೆ. ಶಮೀಮ ನಪಾಸಾದಂದಿನಿಂದ ಆ ಕೆಲಸದ ಹೆಸರೇ ನನಗಾಗುತ್ತಿರಲಿಲ್ಲ. ಮಧ್ಯಾಹ್ನ ಫೋನ್ ಮಾಡಿ, ಈ ಸಲ ಬರುತ್ತೇನೆಂದು ಹೇಳಿದೆ.