ಪೆಟ್ರೋಲ್ ಮುಚ್ಚಳದ ಗಂಧ

ಗುಂಡ್ಲುಪೇಟೆಯಿಂದ ಹಂಗಳಕ್ಕೆ ಹೊರಟ ಕಾರು ಊರು ದಾಟಿ ಎರಡು ಮೈಲಿ ಹೋಗುವಷ್ಟರಲ್ಲಿ ಗಕ್ಕನೆ ನಿಂತಿತು.

ನಾನು ಡ್ರೈವರ್. ಹಿಂದಿನ ಸೀಟಿನಲ್ಲಿ ನಮ್ಮ ಚಾಮರಾಜನಗರದ ಡಾಕ್ಟರು, ವಾರಕ್ಕೊಮ್ಮೆ ಆ ಕಡೆಯ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಐವತ್ತರ ದಶಕದ ಮಾತಿದು. ನನಗೆ ವಯಸ್ಸು ಇಪ್ಪತ್ತೆರಡು, ಕೊಬ್ಬು ಅದಕ್ಕಿಂತ ಜಾಸ್ತಿ.

ಕ್ಲಾಸಿಕ್ ಕಾರ್ ಅಂತ ಈ ಗ್ರೂಪಿನಲ್ಲಿ ಫೋಟೋ ಹಾಕುತ್ತೀರಲ್ಲ, ಅಂಥದ್ದೇ ಗಾಡಿ. ದುಂಡು ಮೂತಿ, ಕಪ್ಪು ಬಣ್ಣ. "ಇವನು ಗಾಡಿ ನಾಡಿ ಬಲ್ಲವನು" ಅಂತ ಡಾಕ್ಟರೇ ಎಲ್ಲರೆದುರು ಹೇಳುತ್ತಿದ್ದರು, ಅದು ನನ್ನ ತಲೆಗೇರಿತ್ತು.

ಬಾನೆಟ್ ಎತ್ತಿದೆ. ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆ. ಕಾರ್ಬೊರೇಟರ್ ಬಿಚ್ಚಿದರೆ ಒಳಗಿನ ಬಟ್ಟಲು ಒಣಗಿ ಕೂತಿದೆ... ಟ್ಯಾಂಕ್ ತುಂಬ ಪೆಟ್ರೋಲ್, ಎಂಜಿನ್ನಿಗೆ ಮಾತ್ರ ಹನಿಯೂ ಇಲ್ಲ.

ಪೈಪ್ ಬಿಚ್ಚಿ ಬಾಯಿಟ್ಟು ಊದಿದೆ. ಟ್ಯಾಂಕಿನಲ್ಲಿ ಗುಳುಗುಳು ಅಂತು, ಪೈಪ್ ಕಟ್ಟಿಲ್ಲ. ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿದರೆ ಏನೂ ಆಗದವರ ಹಾಗೆ ಹೊರಟಿತು. ಮೈಲಿ ಹೋಗಿ ಮತ್ತೆ ನಿಂತಿತು.

ಏನಯ್ಯ ಕಾಯಿಲೆ ಅಂತ ಡಾಕ್ಟರು ಕೇಳಿದರು. ಗೊತ್ತಿಲ್ಲ ಅನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ.

"ಪೆಟ್ರೋಲ್‌ಗೆ ನೀರ್ ಬೆರ್ಸವ್ರೆ ಸಾರ್" ಅಂದೆ.

ಬೆಳಿಗ್ಗೆ ಚಾಮರಾಜನಗರದಿಂದ ಗಾಡಿ ಚೆನ್ನಾಗೇ ಬಂದಿತ್ತು. ಗುಂಡ್ಲುಪೇಟೆ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ಮೇಲೇ ಈ ಕಾಟ. ಹಾಗಾಗಿ ಮಾತು ನಂಬುವಂತಿತ್ತು.

ಆದರೆ ನೀರಿದ್ದರೆ ಎಂಜಿನ್ನಿನ ಪೆಟ್ರೋಲ್ ಪಂಪಿನ ಕೆಳಗಿನ ಗಾಜಿನ ಬಟ್ಟಲಲ್ಲಿ ತಳಕ್ಕೆ ಕೂತು ಕಾಣಬೇಕು. ನಾನು ನೋಡಿದ್ದೆ. ಒಂದು ಹನಿಯೂ ಇರಲಿಲ್ಲ.

ಬಂಕಿನಲ್ಲಿ ಕೈಪಂಪ್ ಒತ್ತಿ ಪೆಟ್ರೋಲ್ ಹಾಕುತ್ತಿದ್ದವನು ಸಿದ್ದಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು. ಹೋದಾಗಲೆಲ್ಲ ಎಲೆಅಡಿಕೆ ಕೊಟ್ಟು ಮಾತಾಡಿಸುತ್ತಿದ್ದ.

ಹೀಗೇ ನಿಂತಲ್ಲೆಲ್ಲ ಪೈಪ್ ಊದಿಕೊಂಡು ಹಂಗಳಕ್ಕೆ ಹೋಗಿ ವಾಪಸ್ ಬರುವಾಗ ಗುಂಡ್ಲುಪೇಟೆಯ ಸಂತೆ ಬೀದಿಯಲ್ಲೇ ಕಾರು ಕೈಕೊಟ್ಟಿತು. ಮೂಟೆ ಹೊರುವವರು ನಗುತ್ತಾ ಬಂಕಿನವರೆಗೆ ತಳ್ಳಿದರು. ಡಾಕ್ಟರಿಗೆ ಅವಮಾನವಾಯಿತು, ಬಂಕಿನ ಸಾಹುಕಾರರನ್ನು ಕರೆದು ತರಾಟೆಗೆ ತೆಗೆದುಕೊಂಡರು.

ಸಾಹುಕಾರರು ನನ್ನನ್ನು ಕೇಳಿದರು. ಲಾರಿ ಡ್ರೈವರುಗಳೆಲ್ಲ ಸುತ್ತ ನಿಂತಿದ್ದರು. ನಾನು ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದೆ.

"ಮಾದಪ್ಪನಾಣೆ ಬುದ್ಧಿ, ನಾನ್ ಒಂದ್ ತೊಟ್ಟು ನೀರ್ ಬೆರ್ಸಿಲ್ಲ" ಅಂದ ಸಿದ್ದಣ್ಣ. ಬೆಟ್ಟದ ಮಾದಪ್ಪನ ಮೇಲೆ ಆಣೆ ಇಟ್ಟರೆ ನಮ್ಮ ಕಡೆ ಅದರ ಮೇಲೆ ಮಾತಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನೀನಾರ ಯೋಳ್ಲಾ, ನಾನ್ ಅಂತೋನಾ?" ಅಂದ.

ನಾನು ಟೈರ್ ನೋಡುತ್ತಾ ನಿಂತೆ.

ಡಾಕ್ಟರ ಕೋಪಕ್ಕೆ ಹೆದರಿ, ಆಣೆಯನ್ನೂ ಲೆಕ್ಕಿಸದೆ, ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತ ಸಾಹುಕಾರರು ಅವನಿಗೆ ಅಲ್ಲೇ ಹೇಳಿದರು. ನಮ್ಮ ಟ್ಯಾಂಕ್ ಖಾಲಿ ಮಾಡಿಸಿ, ಬೇರೆ ಡ್ರಮ್ಮಿನಿಂದ ಹೊಸ ಪೆಟ್ರೋಲ್ ತುಂಬಿಸಿಕೊಟ್ಟರು.

ತೆರಕಣಾಂಬಿ ಹತ್ತಿರ ಕಾರು ಮತ್ತೆ ನಿಂತಿತು.

ಈಗ ಯಾರ ಮೇಲೆ ಹೇಳಲಿ? ಏನೂ ತೋಚದೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಸ್ಸ್... ಅಂತ ಟ್ಯಾಂಕು ಗಾಳಿಯನ್ನು ಒಳಗೆಳೆದುಕೊಂಡಿತು.

ಆ ಮುಚ್ಚಳದ ನಡುವೆ ಸೂಜಿ ಮೊನೆಯಷ್ಟು ತೂತು ಇರುತ್ತದೆ. ಪೆಟ್ರೋಲ್ ಖರ್ಚಾದ ಹಾಗೆ ಅದರಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಈಚೆ ಬರುವುದಿಲ್ಲ. ಆ ತೂತಿನ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಒಣಗಿ ಗಾರೆಯಂತಾಗಿತ್ತು.

ಎರಡು ದಿನದ ಹಿಂದೆ ಆಯುಧಪೂಜೆ ಮಾಡಿದ್ದೆ. ಎಲ್ಲರೂ ಬಾನೆಟ್ಟಿಗೆ, ಚಕ್ರಕ್ಕೆ ಗಂಧ ಹಚ್ಚುತ್ತಾರೆ. ನಾನು ಭಕ್ತಿ ಹೆಚ್ಚಾಗಿ, ಗಾಡಿ ಉಣ್ಣುವ ಬಾಯಿ ಇದೇ ಅಲ್ಲವೇ ಅಂತ ಮುಚ್ಚಳಕ್ಕೂ ದಪ್ಪಗೆ ಮೆತ್ತಿದ್ದೆ!

ಟ್ಯಾಂಕ್ ಖಾಲಿ ಖಾಲಿ ಇದ್ದಾಗ ಒಳಗಿದ್ದ ಗಾಳಿಯಲ್ಲೇ ಹೇಗೋ ಓಡಿತ್ತು. ತುಂಬಿಸಿದ ಮೇಲೆ ಉಸಿರು ಕಟ್ಟಿತು. ಸಿದ್ದಣ್ಣನ ತಪ್ಪು ಅಂದರೆ ಟ್ಯಾಂಕ್ ತುಂಬಿಸಿದ್ದು ಅಷ್ಟೇ.

ಪಿನ್ನಿನಿಂದ ಚುಚ್ಚಿ ಬಿಡಿಸಿದೆ. ಒಂದು ನಿಮಿಷದ ಕೆಲಸ. ಆಮೇಲೆ ಮನೆವರೆಗೂ ಕಾರು ಒಂದು ಸಲವೂ ಕೆಮ್ಮಲಿಲ್ಲ.

"ಏನಾಗಿತ್ತಯ್ಯ?" ಅಂದರು ಡಾಕ್ಟರು. ಅಲ್ಲೇ ಹೇಳಿ ಗಾಡಿ ತಿರುಗಿಸಿದ್ದರೆ ಗುಂಡ್ಲುಪೇಟೆ ಏನು ಮಹಾ ದೂರ?

"ಪೈಪಲ್ಲಿ ಅಳೇ ನೀರ್ ಉಳ್ಕಂಡಿತ್ತು ಸಾರ್" ಅಂದೆ. ಭೇಷ್ ಅಂತ ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ. ಥೂ... ಮೊಮ್ಮಗಳ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಮುಂದಿನ ವಾರ ಬಂಕಿನಲ್ಲಿ ಬೇರೆಯವನಿದ್ದ. ನಾನು ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಗುಂಡ್ಲುಪೇಟೆಯ ಮಂಡಿ ಮುಂದೆ ಸಿದ್ದಣ್ಣ ಈರುಳ್ಳಿ ಮೂಟೆ ಹೊರುತ್ತಿದ್ದ. ತಲೆ ಬೋಳಾಗಿತ್ತು. ನಾನು ಮುಖ ಮರೆಸಿಕೊಳ್ಳುವ ಮೊದಲೇ ಅವನೇ ಕೂಗಿ ಕರೆದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಗಾಡಿ ಈಗ ಸರ್ಯಾಗ್ ಓಡ್ತದೇನ್ಲಾ?" ಅಂದ. "ಡ್ರಮ್ಗೆ ಮಳೆ ನೀರ್ ಇಳ್ದಿತ್ತೇನೋ ಕಣ, ನಾನ್ ನೋಡ್ಕಳ್ನಿಲ್ಲ. ಗೊತ್ತಿಲ್ದೆ ಮಾದಪ್ಪನ್ ಮ್ಯಾಲೆ ಸುಳ್ಳಾಣೆ ಇಟ್ಬುಟ್ಟೆ. ಬೆಟ್ಟಕ್ ಓಗಿ ಮುಡಿ ಕೊಟ್ಟು, ತಪ್ಪು ಕಾಣ್ಕೆ ಆಕ್ಬುಟ್ಟು ಬಂದೆ."

ಆಮೇಲೆ ಅವನೇ ನನಗೆ ಸಮಾಧಾನ ಮಾಡಿದ. "ಬುಡ್ಲಾ, ನೀನ್ ಗಾಡಿ ನಾಡಿ ಬಲ್ಲೋನು. ನೀನ್ ಸುಳ್ ಯೋಳಿಯಾ?"

ನಾನು ಹೂಂ ಅಂದೆ. ಅಷ್ಟೇ ಅಂದೆ.

ಈಗ ಸಿದ್ದಣ್ಣ ಇಲ್ಲ, ಡಾಕ್ಟರೂ ಇಲ್ಲ. ನಾನು ಎಷ್ಟೋ ಸಲ ಬೆಟ್ಟಕ್ಕೆ ಹೋಗಿ, ಹುಂಡಿ ಮುಂದೆ ನಿಂತು, ಕೈ ಏಳದೆ ವಾಪಸ್ ಬಂದಿದ್ದೇನೆ.

ನನ್ನ ತಪ್ಪಿನ ಕಾಣಿಕೆಯನ್ನು ಅವನು ಯಾವತ್ತೋ ಹಾಕಿಬಿಟ್ಟಿದ್ದಾನೆ... ಇನ್ನು ನಾನು ಏನು ಹಾಕಲಿ, ನೀವೇ ಹೇಳಿ?